ಮರುಭೂಮಿಯ ವಿಮಾನ ಸ್ಮಶಾನ ಮತ್ತು ಬೆಂಗಳೂರಿನಲ್ಲಿ ಮರುಜನ್ಮ ಪಡೆದ ಬಾಂಬರ್

ಹಳೆಯದಾದ ಬಸ್ಸು ಗುಜರಿಗೆ ಹೋಗುತ್ತದೆ. ಹಳೆಯದಾದ ದೋಣಿ ಕಡಲ ದಂಡೆಯಲ್ಲಿ ಮಗುಚಿ ಬಿದ್ದು, ಮಳೆಗಾಳಿಗೆ ಸವೆದು, ಕೊನೆಗೆ ಸೌದೆಯಾಗುತ್ತದೆ. ಹಳೆಯದಾದ ವಿಮಾನ ಎಲ್ಲಿಗೆ ಹೋಗುತ್ತದೆ? ತರಗತಿಯಲ್ಲಿ ಮಕ್ಕಳು ಆಗಾಗ ಕೇಳುವ ಈ ಪ್ರಶ್ನೆಗೆ ಪಠ್ಯಪುಸ್ತಕದಲ್ಲಿ ಉತ್ತರವಿಲ್ಲ. ಆದರೆ ಭೂಮಿಯ ಮೇಲೆ ಅದಕ್ಕೊಂದು ವಿಳಾಸವಿದೆ. ಆ ವಿಳಾಸವನ್ನು ಹುಡುಕುತ್ತ ಹೋದರೆ ರಸಾಯನಶಾಸ್ತ್ರ, ಭೂಗೋಳ, ಯುದ್ಧದ ಇತಿಹಾಸ ಮೂರೂ ಒಂದೇ ಕಡೆ ಕೂಡುತ್ತವೆ. ಅಷ್ಟೇ ಅಲ್ಲ, ಅಲ್ಲಿ ನಿಂತಿರುವ ಒಂದು ವಿಮಾನದ ಕಥೆ ನಮ್ಮನ್ನು ಕಾನ್ಪುರದ ಮೂಲಕ ಬೆಂಗಳೂರಿಗೂ ಅಲ್ಲಿಂದ ಸೊಲ್ಲಾಪುರಕ್ಕೂ ಮರಳಿ ಕರೆತರುತ್ತದೆ.

ಅಮೆರಿಕ ಸಂಯುಕ್ತ ಸಂಸ್ಥಾನದ ನೈಋತ್ಯದಲ್ಲಿ ಅರಿಜೋನಾ ಎಂಬ ರಾಜ್ಯವಿದೆ. ಅದರ ದಕ್ಷಿಣ ಭಾಗದಲ್ಲಿ, ಮೆಕ್ಸಿಕೊ ಗಡಿಯಿಂದ ಸುಮಾರು ನೂರು ಕಿಲೋಮೀಟರ್ ದೂರದಲ್ಲಿ, ಸೊನೋರಾ ಮರುಭೂಮಿಯ ನಡುವೆ ಟೂಸಾನ್ ನಗರವಿದೆ. ಹತ್ತೊಂಬತ್ತನೆಯ ಶತಮಾನದ ಮಧ್ಯಭಾಗದವರೆಗೆ ಇದು ಮೆಕ್ಸಿಕೊ ದೇಶದ ಊರಾಗಿತ್ತು. 1850ರ ದಶಕದಲ್ಲಿ ಅಮೆರಿಕ ಈ ಭೂಭಾಗವನ್ನು ಹಣ ಕೊಟ್ಟು ಕೊಂಡಿತು. ಗಡಿರೇಖೆ ಜನರ ಮೇಲಿಂದ ದಾಟಿಹೋಯಿತು. ಜನ ಮಾತ್ರ ಇದ್ದಲ್ಲೇ ಉಳಿದರು. ಇಂದಿಗೂ ಅಲ್ಲಿ ಅನೇಕರ ಮನೆಮಾತು ಸ್ಪ್ಯಾನಿಷ್. ಅದಕ್ಕೂ ಹಿಂದಿನಿಂದ ಅಲ್ಲಿ ಬಾಳುತ್ತಿರುವವರು ಓಓಡಮ್ ಎಂಬ ಮೂಲನಿವಾಸಿಗಳು. ಟೂಸಾನ್ ಎಂಬ ಹೆಸರು ಅವರ ನುಡಿಯಿಂದಲೇ ಬಂದದ್ದು. ಗಡಿನಾಡಿನ ನಮಗೆ ಈ ಸಂಗತಿ ಬಿಡಿಸಿ ಹೇಳಬೇಕಾದುದಲ್ಲ.

ಈ ನಗರದ ಅಂಚಿನಲ್ಲಿ ಡೇವಿಸ್-ಮಾಂಥನ್ ಎಂಬ ವಾಯುಪಡೆಯ ನೆಲೆಯಿದೆ. ವಿಮಾನ ಅಪಘಾತಗಳಲ್ಲಿ ಮಡಿದ ಟೂಸಾನ್ ನಗರದ ಇಬ್ಬರು ಯುವ ಸೇನಾಧಿಕಾರಿಗಳ ನೆನಪಿಗೆ ಇಟ್ಟ ಹೆಸರು ಅದು. ನೆಲೆಗೆ ಸೇರಿದ ಸುಮಾರು 2,600 ಎಕರೆ ಬಯಲಿನಲ್ಲಿ ಮೂರರಿಂದ ನಾಲ್ಕು ಸಾವಿರ ವಿಮಾನಗಳು ಸಾಲುಸಾಲಾಗಿ ನಿಂತಿವೆ. ಯುದ್ಧವಿಮಾನಗಳು, ಸರಕು ವಿಮಾನಗಳು, ಹೆಲಿಕಾಪ್ಟರುಗಳು, ಎಂಟು ಎಂಜಿನ್ನುಗಳ ಬೃಹತ್ ಬಾಂಬರ್‌ಗಳು ಎಲ್ಲವೂ ಅಲ್ಲಿವೆ. ಉಪಗ್ರಹದ ಚಿತ್ರದಲ್ಲಿ ನೋಡಿದರೆ ಯಾರೋ ಆಟಿಕೆಗಳನ್ನು ಅಂಗಳದಲ್ಲಿ ಅಚ್ಚುಕಟ್ಟಾಗಿ ಜೋಡಿಸಿಟ್ಟಂತೆ ಕಾಣುತ್ತದೆ. ಜನರ ಬಾಯಲ್ಲಿ ಇದಕ್ಕೆ ‘ಮೂಳೆಗಳ ಬಯಲು’ ಎಂದೂ ‘ವಿಮಾನಗಳ ಸ್ಮಶಾನ’ ಎಂದೂ ಹೆಸರು.

ಸ್ಮಶಾನವೋ, ಉಗ್ರಾಣವೋ?

ಹೆಸರು ಸ್ಮಶಾನವೆಂದಾದರೂ ಅಲ್ಲಿ ದುಡಿಯುವವರು ಆ ಮಾತನ್ನು ಪೂರ್ತಿ ಒಪ್ಪುವುದಿಲ್ಲ. ಅಧಿಕೃತವಾಗಿ ಅದು ವಿಮಾನಗಳ ನಿರ್ವಹಣೆ ಮತ್ತು ಪುನರುಜ್ಜೀವನದ ಕೇಂದ್ರ. ಹೆಸರಿನಲ್ಲಿರುವ ‘ಪುನರುಜ್ಜೀವನ’ ಎಂಬ ಪದಕ್ಕೆ ಅರ್ಥವಿದೆ. ಸ್ಮಶಾನಕ್ಕೆ ಹೋದವರು ಮರಳುವುದಿಲ್ಲ. ಇಲ್ಲಿಗೆ ಬಂದ ವಿಮಾನಗಳಲ್ಲಿ ಕೆಲವು ಮರಳಿ ಹಾರುತ್ತವೆ.

ಕೇಂದ್ರದ ಆರಂಭ ಎರಡನೆಯ ಮಹಾಯುದ್ಧದ ಕೊನೆಯಲ್ಲಿ. ಯುದ್ಧಕ್ಕಾಗಿ ಅಮೆರಿಕದ ಕಾರ್ಖಾನೆಗಳು ಹಗಲಿರುಳೂ ವಿಮಾನಗಳನ್ನು ತಯಾರಿಸಿದ್ದವು. 1945ರಲ್ಲಿ ಯುದ್ಧ ಮುಗಿಯಿತು. ಹತ್ತಾರು ಸಾವಿರ ವಿಮಾನಗಳಿಗೆ ಒಮ್ಮೆಲೇ ಕೆಲಸವಿಲ್ಲವಾಯಿತು. ಹೆಚ್ಚಿನವನ್ನು ಒಡೆದು ಕರಗಿಸಲಾಯಿತು. ಅರಿಜೋನಾದ ವಾಯವ್ಯ ಭಾಗದ ಕಿಂಗ್‌ಮನ್ ಎಂಬ ಊರೊಂದರಲ್ಲೇ ಐದು ಸಾವಿರಕ್ಕೂ ಹೆಚ್ಚು ವಿಮಾನಗಳು ಗುಜರಿಯಾಗಿ ಕುಲುಮೆ ಸೇರಿದವು. ಕಾಪಿಡಬೇಕೆಂದು ತೀರ್ಮಾನಿಸಿದ ವಿಮಾನಗಳಿಗೆ ಒಂದು ತಾಣ ಬೇಕಾಗಿತ್ತು. 1946ರಲ್ಲಿ ಟೂಸಾನ್ ಆ ತಾಣವಾಯಿತು. ಮೊದಲು ಬಂದವುಗಳಲ್ಲಿ ಬಿ-29 ಬಾಂಬರ್‌ಗಳೂ ಸಿ-47 ಸರಕು ವಿಮಾನಗಳೂ ಸೇರಿದ್ದವು. ಹಿರೋಷಿಮಾದ ಮೇಲೆ ಅಣುಬಾಂಬ್ ಎಸೆದ ‘ಎನೋಲಾ ಗೇ’, ನಾಗಸಾಕಿಯ ಮೇಲೆ ಎಸೆದ ‘ಬಾಕ್ಸ್‌ಕಾರ್’ ಎರಡೂ ಕೆಲಕಾಲ ಇದೇ ಬಯಲಿನಲ್ಲಿ ನಿಂತಿದ್ದವು. ಇಂದು ಅವು ಬೇರೆ ವಸ್ತುಸಂಗ್ರಹಾಲಯಗಳಲ್ಲಿವೆ. 1960ರ ದಶಕದಲ್ಲಿ ಭೂಸೇನೆ, ನೌಕಾಪಡೆ, ವಾಯುಪಡೆ ಎಂಬ ಭೇದವಿಲ್ಲದೆ ಎಲ್ಲ ಪಡೆಗಳ ವಿಮಾನಗಳನ್ನೂ ಇಲ್ಲಿಯೇ ಇಡುವ ವ್ಯವಸ್ಥೆ ಬಂದಿತು.

ಒಣ ಗಾಳಿ, ಗಟ್ಟಿ ನೆಲ

ಇಷ್ಟು ದೊಡ್ಡ ದೇಶದಲ್ಲಿ ಈ ಮರುಭೂಮಿಯನ್ನೇ ಏಕೆ ಆರಿಸಿದರು? ಉತ್ತರ ನಮ್ಮ ಮನೆಯ ಕಿಟಕಿಯ ಸರಳಿನಲ್ಲೇ ಇದೆ. ಕಾಸರಗೋಡಿನಂಥ ಕಡಲ ತೀರದ ಊರಿನಲ್ಲಿ ಬಣ್ಣ ಬಳಿಯದ ಕಬ್ಬಿಣದ ಸರಳು ಒಂದು ಮಳೆಗಾಲ ಕಳೆಯುವಷ್ಟರಲ್ಲಿ ಕೆಂಪಾಗುತ್ತದೆ. ರಾಯದುರ್ಗದಲ್ಲಿ ಅಂಥದೇ ಸರಳು ವರ್ಷಗಟ್ಟಲೆ ತಡೆಯುತ್ತದೆ. ಕಬ್ಬಿಣವೆಲ್ಲ ಒಂದೇ, ಗಾಳಿ ಬೇರೆ. ತುಕ್ಕು ಹಿಡಿಯಲು ಆಮ್ಲಜನಕದ ಜೊತೆಗೆ ನೀರು ಬೇಕು. ಆ ನೀರಿನಲ್ಲಿ ಉಪ್ಪು ಬೆರೆತಿದ್ದರೆ ಕ್ರಿಯೆ ಇನ್ನೂ ಚುರುಕಾಗುತ್ತದೆ.

ವಿಮಾನದ ಮೈ ಬಹುಪಾಲು ಅಲ್ಯೂಮಿನಿಯಂ ಮಿಶ್ರಲೋಹದ್ದು. ಅಲ್ಯೂಮಿನಿಯಂ ಕಬ್ಬಿಣದಂತೆ ಕೆಂಪು ತುಕ್ಕು ಹಿಡಿಯುವುದಿಲ್ಲ. ಗಾಳಿ ತಾಗಿದೊಡನೆ ಅದರ ಮೇಲ್ಮೈಯಲ್ಲಿ ಆಕ್ಸೈಡಿನ ತೆಳುವಾದ ಪೊರೆಯೊಂದು ಮೂಡಿ, ಒಳಗಿನ ಲೋಹಕ್ಕೆ ಕವಚವಾಗಿ ನಿಲ್ಲುತ್ತದೆ. ಆದರೆ ಉಪ್ಪಿನಲ್ಲಿರುವ ಕ್ಲೋರೈಡ್ ಆ ಪೊರೆಯನ್ನು ಅಲ್ಲಲ್ಲಿ ಭೇದಿಸುತ್ತದೆ. ಅಲ್ಲಿ ಕಿಲುಬು ಹುಟ್ಟಿ ಸೂಜಿಮೊನೆಯಂಥ ಗುಂಡಿಗಳು ಒಳಕ್ಕೆ ಇಳಿಯುತ್ತವೆ. ಅಲ್ಯೂಮಿನಿಯಂ ತಗಡಿಗೆ ಉಕ್ಕಿನ ಬೋಲ್ಟು ತಾಗಿರುವಲ್ಲಿ, ನಡುವೆ ತೇವವಿದ್ದರೆ, ಎರಡು ಲೋಹಗಳ ನಡುವೆ ಸಣ್ಣ ವಿದ್ಯುತ್ಕೋಶವೇ ಏರ್ಪಟ್ಟು ಅಲ್ಯೂಮಿನಿಯಂ ಬೇಗ ಕರಗುತ್ತದೆ. ಆಕಾಶದಲ್ಲಿ ಹಾರಬೇಕಾದ ಯಂತ್ರಕ್ಕೆ ಇಂಥ ಒಂದು ಗುಂಡಿಯೂ ಅಪಾಯ. ಬಿರುಕು ಅಲ್ಲಿಂದಲೇ ಆರಂಭವಾಗಬಹುದು.

ಟೂಸಾನ್‌ನಲ್ಲಿ ವರ್ಷವಿಡೀ ಬೀಳುವ ಮಳೆ ಸುಮಾರು 280ರಿಂದ 300 ಮಿಲಿಮೀಟರ್. ಕಾಸರಗೋಡಿನಲ್ಲಿ ಅದು 3,000 ಮಿಲಿಮೀಟರನ್ನು ದಾಟುತ್ತದೆ. ಬರದ ನಾಡೆಂದು ನಾವು ಮರುಗುವ ರಾಯದುರ್ಗ, ಮಡಕಶಿರಾ ಸೀಮೆಯಲ್ಲೂ ಸಾಮಾನ್ಯವಾಗಿ ಟೂಸಾನ್‌ಗಿಂತ ಹೆಚ್ಚು ಮಳೆ ಬೀಳುತ್ತದೆ. ಟೂಸಾನ್‌ನ ಗಾಳಿಯಲ್ಲಿ ತೇವ ಕಡಿಮೆ, ಸಮುದ್ರ ದೂರ. ಲೋಹಕ್ಕೆ ಇದಕ್ಕಿಂತ ಹಿತವಾದ ಹವೆ ಬೇಡ.

ಎರಡನೆಯ ಕಾರಣ ನೆಲದಲ್ಲಿದೆ. ಅಲ್ಲಿಯ ಮೇಲ್ಮಣ್ಣಿನ ಕೆಳಗೆ ಸುಣ್ಣದ ಅಂಶ ಗಟ್ಟಿಯಾಗಿ ಬೆಸೆದುಕೊಂಡ ಪದರವೊಂದಿದೆ. ಅದನ್ನು ‘ಕಲೀಚೆ’ ಎನ್ನುತ್ತಾರೆ. ನಮ್ಮ ಎರೆಭೂಮಿಯನ್ನು ಅಗೆದಾಗ ಸಿಗುವ ಬಿಳಿಯ ಸುಣ್ಣದ ಹರಳುಗಳನ್ನು ಅಕ್ಕಲಕೋಟೆ, ಜತ್ತ ಭಾಗದ ರೈತರು ಬಲ್ಲರು. ಕಲೀಚೆಯೂ ಅದೇ ಕುಲದ್ದು. ಆದರೆ ಅಲ್ಲಿ ಅದು ಬಿಡಿ ಹರಳಾಗಿ ಉಳಿಯದೆ ಗಾರೆಯ ನೆಲದಂತೆ ಹರಡಿಕೊಂಡಿದೆ. ಆದ್ದರಿಂದ ಹತ್ತಾರು ಟನ್ ತೂಕದ ವಿಮಾನವನ್ನು ಕಾಂಕ್ರೀಟು ಹಾಕದೆಯೇ ಬರಿ ನೆಲದ ಮೇಲೆ ನಿಲ್ಲಿಸಬಹುದು, ಚಕ್ರ ಹೂತುಹೋಗುವುದಿಲ್ಲ. 2,600 ಎಕರೆಗೆ ಕಾಂಕ್ರೀಟು ಹಾಕುವ ವೆಚ್ಚವನ್ನು ಪ್ರಕೃತಿಯೇ ಉಳಿಸಿಕೊಟ್ಟಿದೆ.

ನಿದ್ರೆಗೆ ಕಳಿಸುವ ಕ್ರಮ

ವಿಮಾನವನ್ನು ತಂದು ಬಯಲಿನಲ್ಲಿ ನಿಲ್ಲಿಸಿದರೆ ಕೆಲಸ ಮುಗಿಯಿತೆಂದು ಭಾವಿಸಬಾರದು. ನಮ್ಮ ಮನೆಗಳಲ್ಲಿ ಹೊಸ ಉಪ್ಪಿನಕಾಯಿಯನ್ನು ಭರಣಿಗೆ ತುಂಬುವ ಮೊದಲು ಭರಣಿಯನ್ನು ತೊಳೆದು, ಒಣಗಿಸಿ, ಮೇಲೆ ಎಣ್ಣೆಯ ಪದರ ನಿಲ್ಲಿಸಿ, ಬಾಯಿಗೆ ಬಟ್ಟೆ ಕಟ್ಟುತ್ತಾರಲ್ಲ, ವಿಮಾನವನ್ನು ಕಾಪಿಡುವ ಕ್ರಮವೂ ಬಹುಮಟ್ಟಿಗೆ ಹಾಗೆಯೇ ಇದೆ.

ಮೊದಲು ಬಂದೂಕು, ಸಿಡಿಮದ್ದು, ಚಾಲಕನ ಆಸನವನ್ನು ಹೊರಕ್ಕೆ ಎಸೆಯುವ ಸ್ಫೋಟಕ, ಗುಪ್ತ ಉಪಕರಣ ಇವೆಲ್ಲವನ್ನೂ ತೆಗೆಯುತ್ತಾರೆ. ಬಳಿಕ ವಿಮಾನಕ್ಕೆ ಸ್ನಾನ. ಸಮುದ್ರದ ಮೇಲೆ ಹಾರಿದ, ಯುದ್ಧನೌಕೆಯ ಮೇಲೆ ಇಳಿದ ವಿಮಾನಗಳ ಮೈಯಲ್ಲಿ ಉಪ್ಪು ಅಂಟಿರುತ್ತದೆ; ಅದನ್ನು ಚೆನ್ನಾಗಿ ತೊಳೆಯಲೇಬೇಕು. ಇಂಧನವನ್ನೆಲ್ಲ ಬಸಿದು ತೆಗೆದು, ಆ ಕೊಳವೆಗಳಲ್ಲಿ ತೆಳುವಾದ ಎಣ್ಣೆಯನ್ನು ಹರಿಸಿ ಮತ್ತೆ ಬಸಿಯುತ್ತಾರೆ. ಒಳಗೋಡೆಗೆ ಅಂಟಿ ಉಳಿಯುವ ಎಣ್ಣೆಯ ಪೊರೆ ಲೋಹವನ್ನು ಕಾಯುತ್ತದೆ. ಆಮೇಲೆ ಎಂಜಿನ್ನಿನ ಬಾಯಿ, ಕಿಟಕಿ, ಬಾಗಿಲಿನ ಸಂದು, ಮೈಯ ಮೇಲಿನ ಪ್ರತಿಯೊಂದು ರಂಧ್ರವನ್ನೂ ಮುಚ್ಚುತ್ತಾರೆ. ಧೂಳು ಒಳಗೆ ನುಗ್ಗಬಾರದು. ಹಕ್ಕಿ ಗೂಡು ಕಟ್ಟಬಾರದು. ಇಲಿ, ಹಾವು ಸೇರಬಾರದು.

ಕೊನೆಯಲ್ಲಿ ಮೇಲ್ಭಾಗಕ್ಕೆ ರಬ್ಬರಿನಂತೆ ಹಿಗ್ಗುವ ಲೇಪವನ್ನು ಸಿಂಪಡಿಸುತ್ತಾರೆ. ಮೊದಲ ಪದರ ಕಪ್ಪು. ಅದು ಸಂದುಗಳನ್ನು ಮುಚ್ಚುತ್ತದೆ. ಅದರ ಮೇಲಿನ ಪದರ ಬಿಳಿ. ಬಿಳಿಯ ಬಣ್ಣ ಬಿಸಿಲನ್ನು ಹಿಂದಕ್ಕೆ ಅಟ್ಟುತ್ತದೆ. ಬೇಸಿಗೆಗೆ ಮುನ್ನ ತಾರಸಿಗೆ ಸುಣ್ಣ ಬಳಿಯುವ ಜಾಣ್ಮೆಯೂ ಇದೇ ಅಲ್ಲವೇ? ಟೂಸಾನ್‌ನಲ್ಲಿ ಬೇಸಿಗೆಯ ಉಷ್ಣತೆ 38 ಡಿಗ್ರಿ ಸೆಲ್ಸಿಯಸ್ ದಾಟುವುದು ನಿತ್ಯದ ಮಾತು. ಲೇಪವಿಲ್ಲದೆ ಮುಚ್ಚಿಟ್ಟ ವಿಮಾನದ ಒಳಗೆ ಅದು 90 ಡಿಗ್ರಿಗೂ ಮೇಲೇರಿ ತಂತಿಯ ಹೊದಿಕೆ, ರಬ್ಬರು, ಉಪಕರಣಗಳನ್ನು ಬೇಯಿಸಿಬಿಡಬಲ್ಲದು. ಲೇಪವಿದ್ದರೆ ಒಳಗಿನ ಬಿಸಿ ಹೊರಗಿನದಕ್ಕಿಂತ ಕೆಲವೇ ಡಿಗ್ರಿ ಹೆಚ್ಚು. ನಿಗದಿತ ಕಾಲಕ್ಕೊಮ್ಮೆ ಮುದ್ರೆ ತೆರೆದು ತಪಾಸಣೆ ನಡೆಸಿ, ಬೇಕಾದರೆ ಇಡೀ ಕ್ರಮವನ್ನು ಮತ್ತೆ ನಡೆಸುತ್ತಾರೆ.

ಬಯಲಿನಿಂದ ಹೊರಡುವ ದಾರಿಗಳು

ಹೀಗೆ ಮಲಗಿದ ವಿಮಾನಗಳ ಹಣೆಬರಹ ಒಂದೇ ತೆರನಾಗಿರುವುದಿಲ್ಲ. ಕೆಲವನ್ನು ಮುಂದೆ ಎಂದಾದರೂ ಬೇಕಾದೀತೆಂದು ಬಿಡಿಭಾಗ ಮುಟ್ಟದೆ ಇಡುತ್ತಾರೆ. ಕೆಲವನ್ನು ಅಲ್ಪಕಾಲಕ್ಕಾಗಿ, ಹಾರಲು ಸಿದ್ಧವಿರುವಂತೆ ಇಡುತ್ತಾರೆ. ಕೆಲವು ಬಿಡಿಭಾಗಗಳ ಭಂಡಾರ: ತಯಾರಿಕೆಯೇ ನಿಂತುಹೋದ ಮಾದರಿಯೊಂದಕ್ಕೆ ಒಂದು ಕವಾಟವೋ ರೆಕ್ಕೆಯ ತುಂಡೋ ಬೇಕಾದರೆ ಇಲ್ಲಿಂದ ಬಿಚ್ಚಿ ಕಳಿಸುತ್ತಾರೆ. ಉಳಿದವು ಗುಜರಿಗೆ.

ಮರಳಿ ಹಾರಿದವುಗಳಲ್ಲಿ ಹೆಸರಾಂತದ್ದು ಬಿ-52 ಮಾದರಿಯ ‘ಘೋಸ್ಟ್ ರೈಡರ್’. 1962ರ ನಂತರ ಈ ಮಾದರಿಯ ಹೊಸ ವಿಮಾನ ತಯಾರಾಗಿಲ್ಲ. 2008ರಲ್ಲಿ ಬಯಲಿಗೆ ಬಂದು ಮಲಗಿದ ಈ ವಿಮಾನವನ್ನು, ಸೇವೆಯಲ್ಲಿದ್ದ ಮತ್ತೊಂದು ಬಿ-52 ಬೆಂಕಿಗೆ ಸಿಲುಕಿ ಹಾಳಾದಾಗ, ಎಚ್ಚರಿಸಿ 2015ರಲ್ಲಿ ಹಾರಿಸಿದರು. 2019ರಲ್ಲಿ ಇನ್ನೊಂದು ಬಿ-52 ಹೀಗೆಯೇ ಎದ್ದು ಹೋಯಿತು. ಎಚ್ಚರಗೊಂಡವೆಲ್ಲ ಅದೃಷ್ಟಶಾಲಿಗಳೂ ಅಲ್ಲ. ಹಲವು ಹಳೆಯ ಫ್ಯಾಂಟಮ್ ಹಾಗೂ ಎಫ್-16 ವಿಮಾನಗಳನ್ನು ಚಾಲಕನಿಲ್ಲದೆ ಹಾರುವಂತೆ ಮಾರ್ಪಡಿಸಿ, ಕ್ಷಿಪಣಿ ಪರೀಕ್ಷೆಯಲ್ಲಿ ಗುರಿಯಾಗಿ ಬಳಸಿದರು.

ಇನ್ನೊಂದು ದಾರಿ ಶಾಂತಿ ಒಪ್ಪಂದದ್ದು. 1991ರ ಜುಲೈಯಲ್ಲಿ ಅಮೆರಿಕ ಮತ್ತು ಸೋವಿಯತ್ ಒಕ್ಕೂಟ ಅಣ್ವಸ್ತ್ರ ಕಡಿತದ ‘ಸ್ಟಾರ್ಟ್’ ಒಪ್ಪಂದಕ್ಕೆ ಸಹಿ ಹಾಕಿದವು. ಅದರಂತೆ ಅಮೆರಿಕ 365 ಬಿ-52 ಬಾಂಬರ್‌ಗಳನ್ನು ನಾಶಪಡಿಸಬೇಕಾಯಿತು. ‘ನಾಶಪಡಿಸಿದೆವು’ ಎಂಬ ಬರಿಯ ಮಾತನ್ನು ಎದುರಾಳಿ ನಂಬುವುದು ಹೇಗೆ? ಆದ್ದರಿಂದ ಸುಮಾರು ಆರು ಟನ್ ತೂಕದ ಉಕ್ಕಿನ ಅಲಗನ್ನು ಕ್ರೇನಿನಿಂದ ಎತ್ತರಕ್ಕೆ ಏರಿಸಿ, ವಿಮಾನದ ಮೇಲೆ ಬೀಳಿಸಿ, ರೆಕ್ಕೆಯನ್ನೂ ಒಡಲನ್ನೂ ತುಂಡರಿಸಿದರು. ತುಂಡುಗಳನ್ನು 90 ದಿನ ಬಯಲಿನಲ್ಲೇ ಬಿಟ್ಟರು, ಎದುರು ಪಕ್ಷದ ಉಪಗ್ರಹಗಳು ಆಕಾಶದಿಂದ ನೋಡಿ ಖಚಿತಪಡಿಸಿಕೊಳ್ಳಲೆಂದು. ಒಬ್ಬರನ್ನೊಬ್ಬರು ನಂಬದ ಇಬ್ಬರು ಮಾಡಿಕೊಂಡ ಒಪ್ಪಂದವನ್ನು ಕಾದದ್ದು ಈ ಬಯಲಿನ ನಿರ್ಮಲ ಆಕಾಶ.

ಪ್ರಯಾಣಿಕ ವಿಮಾನಗಳಿಗೂ ಇಂಥ ಬಯಲುಗಳಿವೆ. ಟೂಸಾನ್‌ಗೆ ಹತ್ತಿರದ ಪಿನಾಲ್, ಕ್ಯಾಲಿಫೋರ್ನಿಯಾದ ಮೊಹಾವಿ, ಸ್ಪೇನಿನ ಟೆರುಯೆಲ್, ಆಸ್ಟ್ರೇಲಿಯಾದ ಆಲಿಸ್ ಸ್ಪ್ರಿಂಗ್ಸ್ ಎಲ್ಲವೂ ಒಣ ಹವೆಯ ಊರುಗಳು. 2020ರಲ್ಲಿ ಕೋವಿಡ್ ಬಂದು ಜಗತ್ತಿನ ವಿಮಾನಯಾನ ಸ್ತಬ್ಧವಾದಾಗ ನೂರಾರು ವಿಮಾನಗಳು ಅಲ್ಲಿ ಬಂದು ಸಾಲುಗಟ್ಟಿದವು.

ಪೀಮಾ ವಸ್ತುಸಂಗ್ರಹಾಲಯ

ಡೇವಿಸ್-ಮಾಂಥನ್ ಸೇನಾ ನೆಲೆಯಾದ್ದರಿಂದ ಅಲ್ಲಿಯ ಬಯಲಿಗೆ ಯಾರೂ ಮನಬಂದಂತೆ ಕಾಲಿಡುವಂತಿಲ್ಲ. ಪ್ರವಾಸಿಗರು ನೋಡಬಹುದಾದದ್ದು ಅದರ ನೆರೆಯಲ್ಲೇ ಇರುವ ಪೀಮಾ ವಾಯು ಮತ್ತು ಬಾಹ್ಯಾಕಾಶ ವಸ್ತುಸಂಗ್ರಹಾಲಯವನ್ನು. ಅದರ ಹುಟ್ಟಿನ ಕಥೆ ಗಮನಾರ್ಹ. 1960ರ ದಶಕದಲ್ಲಿ, ಮಹಾಯುದ್ಧದ ಕಾಲದ ಅಪರೂಪದ ವಿಮಾನಗಳೂ ಉಳಿದವುಗಳ ಜೊತೆ ಕುಲುಮೆಗೆ ಹೋಗುತ್ತಿರುವುದನ್ನು ನೆಲೆಯ ಅಧಿಕಾರಿಗಳು ಗಮನಿಸಿದರು. ಕೆಲವನ್ನು ಬೇರ್ಪಡಿಸಿ ಬೇಲಿಯ ಉದ್ದಕ್ಕೆ ನಿಲ್ಲಿಸಿದರು. ದಾರಿಹೋಕರು ನಿಂತು ನೋಡತೊಡಗಿದರು. ಊರಿನವರು ಸೇರಿ ಪ್ರತಿಷ್ಠಾನವೊಂದನ್ನು ಕಟ್ಟಿದರು. 1976ರ ಮೇ ತಿಂಗಳಲ್ಲಿ ಸುಮಾರು ಐವತ್ತು ವಿಮಾನಗಳೊಂದಿಗೆ ಬಾಗಿಲು ತೆರೆದ ಆ ಸಂಗ್ರಹಾಲಯದಲ್ಲಿ ಇಂದು ಸುಮಾರು ನಾನೂರು ವಿಮಾನಗಳಿವೆ. ಅನೇಕ ಕಡೆ ವಿವರಣೆ ನೀಡುವವರು ನಿವೃತ್ತ ವಿಮಾನ ಚಾಲಕರು, ಮೆಕ್ಯಾನಿಕ್‌ಗಳು. ಬಹಳ ಮಂದಿ ಸಂಬಳವಿಲ್ಲದ ಸ್ವಯಂಸೇವಕರು.

ಸುಮಾರು 80 ಎಕರೆಯ ಆವರಣದಲ್ಲಿ ಗಾತ್ರಗಳ ವೈಚಿತ್ರ್ಯವೇ ಮೊದಲು ಕಣ್ಣಿಗೆ ಬೀಳುತ್ತದೆ. ಒಂದು ಕಡೆ ರೆಕ್ಕೆಯ ತುದಿಯಿಂದ ತುದಿಗೆ ಎರಡು ಮೀಟರಿಗಿಂತಲೂ ಕಡಿಮೆ ಅಳತೆಯ, ಮನುಷ್ಯನನ್ನು ಹೊತ್ತು ನಿಜವಾಗಿಯೂ ಹಾರಿದ ‘ಬಂಬಲ್ ಬೀ’. ಇನ್ನೊಂದು ಕಡೆ ಊದಿಕೊಂಡ ಮೀನಿನಂಥ ‘ಸೂಪರ್ ಗಪ್ಪಿ’. ಚಂದ್ರಯಾನದ ಸ್ಯಾಟರ್ನ್ ರಾಕೆಟ್ಟಿನ ಒಂದು ಹಂತವನ್ನೇ ಇಡಿಯಾಗಿ ನುಂಗಿ ಸಾಗಿಸಿದ ವಿಮಾನವದು. ಶಬ್ದದ ಮೂರು ಪಟ್ಟಿಗೂ ಹೆಚ್ಚು ವೇಗದಲ್ಲಿ ಹಾರಿದ, ಕಪ್ಪು ಬಣ್ಣದ ಬೇಹುಗಾರಿಕೆ ವಿಮಾನ ಎಸ್‌ಆರ್-71 ಅಲ್ಲಿದೆ. ಅಷ್ಟು ವೇಗದಲ್ಲಿ ಗಾಳಿಯ ತಿಕ್ಕಾಟಕ್ಕೆ ಅಲ್ಯೂಮಿನಿಯಂ ಮೆತ್ತಗಾಗುತ್ತದೆಯಾದ್ದರಿಂದ ಅದರ ಮೈಯನ್ನು ಬಹುತೇಕ ಟೈಟೇನಿಯಂನಿಂದ ಮಾಡಿದರು. ಸೋವಿಯತ್ ಒಕ್ಕೂಟದ ಮೇಲೆ ಕಣ್ಣಿಡಲು ಕಟ್ಟಿದ ಆ ವಿಮಾನಕ್ಕೆ ಬೇಕಾದ ಲೋಹದಲ್ಲಿ ಬಹುಪಾಲನ್ನು ಮಧ್ಯವರ್ತಿಗಳ ಮೂಲಕ ಸೋವಿಯತ್ ಒಕ್ಕೂಟದಿಂದಲೇ ಕೊಂಡರು! ಅಧ್ಯಕ್ಷರಾದ ಕೆನಡಿ ಮತ್ತು ಜಾನ್ಸನ್ ಪ್ರಯಾಣಿಸಿದ ವಿಮಾನವಿದೆ. ಇಂದು ನಮ್ಮ ಮಕ್ಕಳು ಆಕಾಶದಲ್ಲಿ ಕಾಣುವ ಬೋಯಿಂಗ್ 777ರ ಮೊಟ್ಟಮೊದಲ ವಿಮಾನವೂ ಕೆಲಸ ಮುಗಿಸಿ 2018ರಲ್ಲಿ ಅಲ್ಲಿಗೆ ಬಂದು ನಿಂತಿದೆ.

ಕಾನ್ಪುರದ ಗುಜರಿಯಿಂದ ಎದ್ದ ವಿಮಾನ

ಆ ಸಂಗ್ರಹಾಲಯದಲ್ಲಿ ನಾವು ಹೆಚ್ಚು ಹೊತ್ತು ನಿಲ್ಲಬೇಕಾದದ್ದು ಬಿ-24 ಲಿಬರೇಟರ್ ಎಂಬ ಬಾಂಬರಿನ ಎದುರು. ನಾಲ್ಕು ಎಂಜಿನ್ನುಗಳ, ಸುಮಾರು 33 ಮೀಟರ್ ಅಗಲದ ರೆಕ್ಕೆಯ ವಿಮಾನ. ಮಹಾಯುದ್ಧದಲ್ಲಿ ಅಮೆರಿಕ ಈ ಮಾದರಿಯ 18,000ಕ್ಕೂ ಹೆಚ್ಚು ವಿಮಾನಗಳನ್ನು ಕಟ್ಟಿತು. ಯುದ್ಧ ಮುಗಿದ ಕೆಲವೇ ವರ್ಷಗಳಲ್ಲಿ ಅವುಗಳಲ್ಲಿ ಹೆಚ್ಚಿನವು ಗುಜರಿಯಾದವು. ಅರಿಜೋನಾದ ಕುಲುಮೆಗಳೇ ಎಷ್ಟೋ ಲಿಬರೇಟರ್‌ಗಳನ್ನು ಕರಗಿಸಿದವು. ಮುಂದೆ ಅದೇ ಅರಿಜೋನಾದ ಸಂಗ್ರಹಾಲಯಕ್ಕೆ ಒಂದು ಲಿಬರೇಟರ್ ಬೇಕಾದಾಗ ಅದು ಹಾರಿ ಬಂದದ್ದು ಭಾರತದಿಂದ, 1969ರಲ್ಲಿ.

ಭಾರತದಲ್ಲಿ ಅದು ಉಳಿದದ್ದು ಹೇಗೆ? ಯುದ್ಧಕಾಲದಲ್ಲಿ ಅಮೆರಿಕ ಬ್ರಿಟನ್ನಿಗೆ ಎರವಲು ಕೊಟ್ಟ ಲಿಬರೇಟರ್‌ಗಳಲ್ಲಿ ಅನೇಕವು ಭಾರತದಲ್ಲಿದ್ದುಕೊಂಡು ಜಪಾನಿನ ವಿರುದ್ಧ ಹಾರಿದ್ದವು. ಒಪ್ಪಂದದ ಪ್ರಕಾರ ಯುದ್ಧಾನಂತರ ಅವನ್ನು ಮರಳಿಸಬೇಕು, ಇಲ್ಲವೇ ನಾಶಮಾಡಬೇಕು. ಬ್ರಿಟಿಷರು ಅವುಗಳನ್ನು ಕಾನ್ಪುರದಲ್ಲಿ ಗುಡ್ಡೆ ಹಾಕಿ, ಮತ್ತೆ ಹಾರದಂತೆ ಬೇಕೆಂದೇ ಕೆಡಿಸಿ ಹೊರಟುಹೋದರು. 1947ರಲ್ಲಿ ಸ್ವತಂತ್ರವಾದ ದೇಶಕ್ಕೆ ವಾಯುಪಡೆಯಿತ್ತು, ಭಾರಿ ಬಾಂಬರ್‌ಗಳಿರಲಿಲ್ಲ. ಕೊಳ್ಳಲು ಹಣವೂ ಸಾಲದು. ಆಗ ಕಣ್ಣಿಗೆ ಬಿದ್ದದ್ದು ಕಾನ್ಪುರದ ಗುಜರಿ.

ಕೆಲಸ ವಹಿಸಿದ್ದು ಬೆಂಗಳೂರಿನ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಸಂಸ್ಥೆಗೆ, ಎಂದರೆ ಇಂದಿನ ಎಚ್‌ಎಎಲ್‌ಗೆ. ಸೊಲ್ಲಾಪುರದಲ್ಲಿ 1882ರಲ್ಲಿ ಹುಟ್ಟಿದ ಉದ್ಯಮಿ ವಾಲಚಂದ್ ಹೀರಾಚಂದ್ ಅವರು ಮೈಸೂರು ಸಂಸ್ಥಾನದ ಸಹಭಾಗಿತ್ವದಲ್ಲಿ 1940ರ ಡಿಸೆಂಬರಿನಲ್ಲಿ ಸ್ಥಾಪಿಸಿದ ಕಾರ್ಖಾನೆಯದು. ಯುದ್ಧದ ನಡುವೆ, 1943ರಿಂದ, ಅಮೆರಿಕದ ವಾಯುಸೇನೆ ಅದನ್ನು ತನ್ನ ದುರಸ್ತಿ ಕೇಂದ್ರವಾಗಿ ನಡೆಸಿತು. ಲಿಬರೇಟರಿನಂಥ ವಿಮಾನಗಳನ್ನು ಬಿಚ್ಚುವುದನ್ನೂ ಕೂಡಿಸುವುದನ್ನೂ ಅಲ್ಲಿಯ ಕೆಲಸಗಾರರು ಆಗಲೇ ಕಲಿತಿದ್ದರು. ಆ ಕೈಗಳಿಗೆ ಈಗ ನಿಜವಾದ ಪರೀಕ್ಷೆ ಬಂದಿತು.

ಕಾನ್ಪುರದಲ್ಲಿ ವಿಮಾನಗಳನ್ನು ಒಂದೊಂದಾಗಿ ಪರೀಕ್ಷಿಸಿ, ಒಂದರ ಭಾಗವನ್ನು ಇನ್ನೊಂದಕ್ಕೆ ಜೋಡಿಸಿ, ಒಮ್ಮೆ ಬೆಂಗಳೂರು ತಲುಪಿದರೆ ಸಾಕು ಎನ್ನುವಷ್ಟು ಸರಿಪಡಿಸಿದರು. ಅಂಥ ವಿಮಾನಗಳನ್ನು ಹಾರಿಸಿಕೊಂಡು ಬೆಂಗಳೂರಿಗೆ ತಂದವರು ಸಂಸ್ಥೆಯ ಪರೀಕ್ಷಾ ಚಾಲಕ ಜಮ್‌ಷೆಡ್ ಮುನ್ಶಿ. ಬೆಂಗಳೂರಿನಲ್ಲಿ ಪೂರ್ಣ ದುರಸ್ತಿ ನಡೆಯಿತು. ಸುಮಾರು ನಲವತ್ತು ವಿಮಾನಗಳು ಹೀಗೆ ಜೀವ ತಳೆದವು. 1948ರ ನವೆಂಬರಿನಲ್ಲಿ ಭಾರತೀಯ ವಾಯುಪಡೆಯ 5ನೆಯ ಸ್ಕ್ವಾಡ್ರನ್ ಈ ಲಿಬರೇಟರ್‌ಗಳೊಂದಿಗೆ ಆರಂಭವಾಯಿತು. ಮುಂದೆ 6ನೆಯ ಸ್ಕ್ವಾಡ್ರನ್ ಅವುಗಳಿಂದ ಸಮುದ್ರದ ಕಾವಲು ನಡೆಸಿತು. ಮತ್ತೆ ಹಾರಬಾರದೆಂದು ಕೆಡಿಸಿಟ್ಟ ವಿಮಾನಗಳು 1968ರವರೆಗೆ, ಇಪ್ಪತ್ತು ವರ್ಷ, ಹಾರಿದವು. ಅಷ್ಟು ಹೊತ್ತಿಗೆ ಜಗತ್ತಿನ ಉಳಿದೆಡೆ ಲಿಬರೇಟರ್ ಬಹುತೇಕ ಮರೆಯಾಗಿತ್ತು. ಇಂದು ಜಗತ್ತಿನಲ್ಲಿ ಉಳಿದಿರುವ ಬೆರಳೆಣಿಕೆಯ ಲಿಬರೇಟರ್‌ಗಳಲ್ಲಿ ಹಲವು ಭಾರತದಿಂದ ಹೋದವು. ಲಂಡನ್ನಿನ ರಾಯಲ್ ಏರ್ ಫೋರ್ಸ್ ಸಂಗ್ರಹಾಲಯಕ್ಕೂ ಕೆನಡಾಕ್ಕೂ ಇಲ್ಲಿಂದಲೇ ಹೋದವು. ದೆಹಲಿಯ ಪಾಲಂ ವಾಯುಪಡೆ ಸಂಗ್ರಹಾಲಯದಲ್ಲೂ ಒಂದಿದೆ.

ಪೀಮಾದ ಲಿಬರೇಟರಿಗೆ ಈಗ ಯುದ್ಧಕಾಲದ ಅಮೆರಿಕನ್ ದಳವೊಂದರ ಬಣ್ಣ ಬಳಿದು, ಮೂಗಿನ ಮೇಲೆ ‘ಬಂಗೇ ಬಕರೂ’ ಎಂಬ ಹೆಸರು ಬರೆದಿದ್ದಾರೆ. ನೋಡುಗರಿಗೆ ಆ ಕಾಲದ ಚಿತ್ರ ಕಟ್ಟಿಕೊಡುವುದು ಅದರ ಉದ್ದೇಶ. ಆದರೆ ಆ ಬಣ್ಣವನ್ನಷ್ಟೇ ನೋಡಿದವರಿಗೆ ವಿಮಾನದ ಭಾರತದ ಬದುಕು ಕಾಣುವುದಿಲ್ಲ. ಅದನ್ನು ಎಬ್ಬಿಸಿ ನಿಲ್ಲಿಸಿದ ಬೆಂಗಳೂರಿನ ಫಿಟ್ಟರ್, ವೆಲ್ಡರ್, ತಗಡು ಬಡಿಯುವವರ ಕೈಗಳೂ ಕಾಣುವುದಿಲ್ಲ. ಅವರ ಹೆಸರುಗಳು ಹೆಚ್ಚಾಗಿ ಎಲ್ಲಿಯೂ ಬರೆದಿಲ್ಲ. ಅವರು ಕೊಟ್ಟ ಇಪ್ಪತ್ತು ವರ್ಷಗಳ ಆಯುಷ್ಯವಿಲ್ಲದಿದ್ದರೆ ಬಣ್ಣ ಬಳಿಯಲು ಅಲ್ಲಿ ವಿಮಾನವೇ ಇರುತ್ತಿರಲಿಲ್ಲ. ವಸ್ತುವೊಂದರ ಮೈಮೇಲಿನ ಬರಹವನ್ನು ಓದಿ ಸುಮ್ಮನಾಗದೆ, ‘ಇದು ಇಲ್ಲಿಯವರೆಗೆ ಹೇಗೆ ಉಳಿಯಿತು? ಉಳಿಸಿದವರಾರು?’ ಎಂದು ಕೇಳಲು ಮಕ್ಕಳಿಗೆ ಕಲಿಸಬೇಕು. ಇತಿಹಾಸದ ಪಾಠ ಅಲ್ಲಿಂದ ಆರಂಭವಾಗುತ್ತದೆ.

ಮಕ್ಕಳೊಡನೆ ಮಾತನಾಡಲು

ಇಂಥ ಸಂಗ್ರಹಾಲಯಗಳ ಬಗೆಗೆ ಮಕ್ಕಳಿಗೆ ಹೇಳುವಾಗ ಒಂದು ಎಚ್ಚರ ಅಗತ್ಯ. ಹೊಳೆಯುವ ಯುದ್ಧವಿಮಾನ ಮಕ್ಕಳ ಮನಸ್ಸನ್ನು ಸುಲಭವಾಗಿ ಸೆಳೆಯುತ್ತದೆ. ವೇಗ, ಎತ್ತರ, ಶಕ್ತಿಯ ಅಂಕಿಗಳನ್ನು ಅವರು ಬಾಯಿಪಾಠ ಮಾಡುತ್ತಾರೆ. ಅದೇ ವಿಮಾನದ ಹೊಟ್ಟೆಯ ಬಾಗಿಲು ತೆರೆದಾಗ ಕೆಳಗಿದ್ದ ಊರಿನಲ್ಲಿ ಶಾಲೆಯಿತ್ತು, ಆಸ್ಪತ್ರೆಯಿತ್ತು, ನಮ್ಮಂಥದೇ ಮನೆಗಳಿದ್ದವು ಎಂಬುದನ್ನೂ ಹೇಳಬೇಕು. ಪೀಮಾದಲ್ಲಿ ಬಿ-29 ವಿಮಾನವೂ ಒಂದಿದೆ. ಹಿರೋಷಿಮಾಕ್ಕೆ ಹೋದದ್ದು ಆ ವಿಮಾನವಲ್ಲ. ಆದರೆ ಮಾದರಿ ಅದೇ. ಅದರ ಎಂಜಿನಿಯರಿಂಗನ್ನು ಮೆಚ್ಚುವುದಕ್ಕೂ ಅದು ಮಾಡಿದ್ದನ್ನು ನೆನೆದು ತಲೆ ತಗ್ಗಿಸುವುದಕ್ಕೂ ಒಂದೇ ಮನಸ್ಸಿನಲ್ಲಿ ಜಾಗವಿದೆ ಎಂದು ಮಗುವಿಗೆ ತೋರಿಸಿಕೊಡುವುದು ಹಿರಿಯರ ಹೊಣೆ.

ಅರಿಜೋನಾ ನಮ್ಮಲ್ಲಿ ಹೆಚ್ಚಿನವರಿಗೆ ದೂರದ ಮಾತು. ಆದರೆ ಹತ್ತಿರದಲ್ಲೂ ನೋಡತಕ್ಕವು ಇವೆ. ಬೆಂಗಳೂರಿನ ಎಚ್‌ಎಎಲ್ ಪಾರಂಪರಿಕ ಕೇಂದ್ರ ಮತ್ತು ವಿಮಾನ ಸಂಗ್ರಹಾಲಯ 2001ರಲ್ಲಿ ಆರಂಭವಾಯಿತು. ಹೊಸೂರು, ತಾಳವಾಡಿ, ಮಡಕಶಿರಾದ ಶಾಲೆಗಳು ಒಂದು ದಿನದ ಪ್ರವಾಸದಲ್ಲಿ ಹೋಗಿ ಬರಬಹುದು. ಗೋವಾದಲ್ಲಿ, ವಾಸ್ಕೋ ಬಳಿಯ ಬೊಗ್ಮಾಲೊ ರಸ್ತೆಯಲ್ಲಿ, ನೌಕಾಪಡೆಯ ವಿಮಾನ ಸಂಗ್ರಹಾಲಯವಿದೆ. ಹೋಗುವ ಮೊದಲು ತೆರೆದಿರುವ ದಿನ, ವೇಳೆಯನ್ನು ವಿಚಾರಿಸಿಕೊಳ್ಳುವುದು ಒಳಿತು. ಹೋದಾಗ ವಿಮಾನದ ಹೆಸರನ್ನು ಬರೆದುಕೊಂಡು ಬರುವುದರ ಜೊತೆಗೆ ಮೂರು ಪ್ರಶ್ನೆಗಳಿಗೆ ಉತ್ತರ ಹುಡುಕಲು ಮಕ್ಕಳಿಗೆ ಹೇಳಿ: ಇದನ್ನು ಯಾರು ಕಟ್ಟಿದರು? ಯಾತಕ್ಕೆ ಬಳಸಿದರು? ಯಾರು ಉಳಿಸಿದರು?

ಪ್ರವಾಸಕ್ಕೆ ಹೋಗಲಾಗದ ಶಾಲೆಯಲ್ಲೂ ಮರುಭೂಮಿಯ ವಿಜ್ಞಾನವನ್ನು ತೋರಿಸಬಹುದು. ನಾಲ್ಕು ಗಾಜಿನ ಸೀಸೆ, ನಾಲ್ಕು ಹೊಸ ಕಬ್ಬಿಣದ ಮೊಳೆ ಸಾಕು. ಒಂದು ಸೀಸೆ ಚೆನ್ನಾಗಿ ಒಣಗಿದ್ದು, ಮುಚ್ಚಳ ಬಿಗಿಯಾಗಿರಲಿ. ಎರಡನೆಯದರಲ್ಲಿ ಮೊಳೆ ಅರ್ಧ ಮುಳುಗುವಷ್ಟು ನೀರು. ಮೂರನೆಯದರಲ್ಲಿ ಅಷ್ಟೇ ಉಪ್ಪುನೀರು. ನಾಲ್ಕನೆಯದರಲ್ಲೂ ಉಪ್ಪುನೀರೇ, ಆದರೆ ಮೊಳೆಗೆ ಮೊದಲು ಎಣ್ಣೆ ಸವರಿರಲಿ. ಹದಿನೈದು ದಿನ ಪ್ರತಿದಿನ ನೋಡಿ, ಕಂಡದ್ದನ್ನು ಕನ್ನಡದಲ್ಲಿ ಬರೆಯಲಿ. ಒಣ ಸೀಸೆಯೇ ಟೂಸಾನ್; ಎಣ್ಣೆ ಸವರಿದ ಮೊಳೆಯೇ ಅಲ್ಲಿಯ ಕೆಲಸಗಾರರ ಜಾಣ್ಮೆ.

ಕೆಟ್ಟದ್ದನ್ನು ಎಸೆಯುವ ಮುನ್ನ ‘ಇದನ್ನು ಸರಿಪಡಿಸಬಹುದೇ?’ ಎಂದು ಕೇಳುವ ಅಭ್ಯಾಸ ನಮ್ಮ ಮನೆಗಳಲ್ಲಿ ಕಡಿಮೆಯಾಗುತ್ತಿದೆ. ಹೊಲಿಗೆ ಯಂತ್ರ, ಸೈಕಲ್ಲು, ರೇಡಿಯೋ ಬಿಚ್ಚಿ ಜೋಡಿಸುವವರನ್ನು ನೋಡುತ್ತ ಬೆಳೆದ ತಲೆಮಾರಿಗೆ ಆ ಪ್ರಶ್ನೆ ಸಹಜವಾಗಿತ್ತು. 1948ರಲ್ಲಿ ಬೆಂಗಳೂರಿನ ಕಾರ್ಖಾನೆಯಲ್ಲಿ ಕೇಳಿದ್ದೂ ಅದೇ ಪ್ರಶ್ನೆ. ಅದಕ್ಕೆ ಕೈಕೆಲಸ ಬಲ್ಲವರು ಕೊಟ್ಟ ಉತ್ತರ ಇಂದು ಅರಿಜೋನಾದಲ್ಲಿ ನಿಂತಿದೆ, ನಾಲ್ಕು ಎಂಜಿನ್ನುಗಳೊಂದಿಗೆ.